ರಕ್ಕಸತಂಗಡಿಯಲ್ಲಿ ರಾಮರಾಯನು ಗೆದ್ದಿದ್ದರೆ?

ಹಂಪೆಯ ಹಾಳುಗಳನ್ನು ನೋಡಿ ಬಂದವರೊಡನೆ ಮಾತಿಗೆ ಕುಳಿತರೆ ಒಂದು ಪ್ರಶ್ನೆಯು ಎದ್ದೇ ಏಳುವುದು. ಅಂದಿನ ಕಾಳಗದಲ್ಲಿ ರಾಮರಾಯನು ಸೆರೆ ಸಿಕ್ಕದೆ ಇದ್ದಿದ್ದರೆ ಏನಾಗುತ್ತಿದ್ದಿತು? ಪ್ರಶ್ನೆಯ ಬೆನ್ನಿಗೆ ಒಂದು ನಿಟ್ಟುಸಿರು. ನಿಟ್ಟುಸಿರಿನ ಬೆನ್ನಿಗೆ ಸಿದ್ಧವಾದ ಉತ್ತರ: ಆ ಪಟ್ಟಣವು ಇಂದಿಗೂ ಬಾಳುತ್ತಿದ್ದಿತು, ಆ ಸಾಮ್ರಾಜ್ಯವು ಇಂದಿಗೂ ಮೆರೆಯುತ್ತಿದ್ದಿತು. ಕೇಳುತ್ತಿದ್ದವರಲ್ಲಿ ಯಾರಾದರೊಬ್ಬರು, 'ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಾಗಿತ್ತು' ಎಂದು ನಕ್ಕು ಮಾತನ್ನು ಅಲ್ಲಿಗೆ ಮುಗಿಸಿಬಿಡುವರು. ಈ ಸಂಜೆ ನಾವು ಆ ನಿಟ್ಟುಸಿರಿಗೂ ಈ ನಗುವಿಗೂ ನಡುವೆ ಸ್ವಲ್ಪ ಹೊತ್ತು ನಿಂತು, ನಡೆಯದೆ ಹೋದ ಸಂಗತಿಗಳನ್ನು ಕುರಿತು ವಿಚಾರಮಾಡುವುದರಿಂದ ಪ್ರಯೋಜನವುಂಟೆ, ಉಂಟಾದರೆ ಅದನ್ನು ಯಾವ ಕ್ರಮದಿಂದ ಮಾಡತಕ್ಕದ್ದು ಎಂಬುದನ್ನು ಪರ್ಯಾಲೋಚಿಸೋಣ.

ಚರಿತ್ರೆಯೆಂಬುದು ನಡೆದ ಸಂಗತಿಗಳ ವರದಿ, ನಡೆಯದುದರ ಗೊಡವೆ ಅದಕ್ಕೇಕೆ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪಣೆಯು ಮೇಲುನೋಟಕ್ಕೆ ಸಮರ್ಪಕವಾಗಿಯೇ ತೋರುವುದು. ಆದರೆ ನಮ್ಮ ನೈಯಾಯಿಕರು 'ತರ್ಕ'ವೆಂದು ಕರೆದುದಾದರೂ ಏನು? ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸಿದವನಿಗೆ ಸಂದೇಹವು ಬಂದರೆ, ಬೆಂಕಿಯಿಲ್ಲವೆಂದೇ ಒಂದು ಗಳಿಗೆ ಇಟ್ಟುಕೊಂಡು, ಹಾಗಾದರೆ ಈ ಹೊಗೆಯು ಎಲ್ಲಿಂದ ಬಂದೀತು ಎಂದು ಕೇಳಿಕೊಳ್ಳುವುದಷ್ಟೆ. ಇಲ್ಲದುದನ್ನು ಇದ್ದಂತೆ ಭಾವಿಸಿ ಇರುವುದನ್ನು ದೃಢಪಡಿಸಿಕೊಳ್ಳುವ ಮಾರ್ಗವದು. 'ಈ ಕಾಳಗದಿಂದ ಸಾಮ್ರಾಜ್ಯವು ನಾಶವಾಯಿತು' ಎಂದು ಬರೆಯುವ ಚರಿತ್ರಕಾರನು, ಕಾಳಗವಿಲ್ಲದಿದ್ದರೆ ನಾಶವೂ ಇರುತ್ತಿರಲಿಲ್ಲವೆಂದು ಬಾಯಿ ಬಿಟ್ಟು ಹೇಳದೆಯೇ ಹೇಳಿರುತ್ತಾನೆ. ಗುಟ್ಟಾಗಿ ನಡೆಯುವ ಈ ಊಹೆಯನ್ನು ಬಯಲಿಗೆ ತಂದು ಪರೀಕ್ಷಿಸುವುದರಲ್ಲಿ ತಪ್ಪೇನೂ ಇಲ್ಲ.

ಈ ಬಗೆಯ ವಿಚಾರವು ಹೊಸದೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಚರಿತ್ರಕಾರನಾದ ಲಿವಿಯು, ಅಲೆಕ್ಸಾಂಡರನು ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ದಂಡೆತ್ತಿ ಬಂದಿದ್ದರೆ ಏನಾಗುತ್ತಿದ್ದಿತೆಂದು ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಚರ್ಚಿಸಿದನು. 1931ರಲ್ಲಿ ಜೆ. ಸಿ. ಸ್ಕ್ವಯರ್ ಎಂಬವರು ಇಂತಹ ಊಹೆಗಳದೇ ಒಂದು ಪ್ರಬಂಧ ಸಂಗ್ರಹವನ್ನು ಪ್ರಕಟಿಸಿದರು. ಅದರಲ್ಲಿ ವಿನ್‌ಸ್ಟನ್ ಚರ್ಚಿಲ್ಲರೂ ಅಮೆರಿಕದ ಅಂತರ್ಯುದ್ಧವನ್ನು ಕುರಿತು ಒಂದು ಪ್ರಬಂಧವನ್ನು ಬರೆದರು. ಆದರೆ ಲಿವಿಯ ತೀರ್ಮಾನವೇನೆಂಬುದನ್ನು ಗಮನಿಸಬೇಕು. ಅಲೆಕ್ಸಾಂಡರನು ಬಂದಿದ್ದರೂ ರೋಮೇ ಗೆಲ್ಲುತ್ತಿದ್ದಿತೆಂದು ಆತನು ಸಾಧಿಸಿದನು. ರೋಮಿನವನು ಮತ್ತೇನು ಹೇಳಿಯಾನು! ತನ್ನವರಿಗೆ ಬೇಕಾದ ಫಲವನ್ನು ಮೊದಲೇ ನಿಶ್ಚಯಿಸಿಕೊಂಡು ಅದರ ಕಡೆಗೆ ಕಲ್ಪನೆಯನ್ನು ಓಡಿಸುವುದು ಈ ವಿದ್ಯೆಗೆ ಅಂಟಿಕೊಂಡ ದೊಡ್ಡ ದೋಷ. ಆದಕಾರಣ ಇದಕ್ಕೆ ಕೆಲವು ಕಟ್ಟುಪಾಡುಗಳು ಅವಶ್ಯಕ.

ನಾವು ಮೂರನ್ನು ಮಾತ್ರ ಹೇಳುವೆವು. ಮೊದಲನೆಯದು, ನಡೆದುದರಲ್ಲಿ ನಾವು ಮಾಡುವ ಬದಲಾವಣೆಯು ಅತ್ಯಲ್ಪವಾಗಿರಬೇಕು. ಒಂದು ಗಾಳಿ, ಒಂದು ಗುಂಡು, ಒಬ್ಬನ ಒಂದು ನಿರ್ಧಾರ, ಇಷ್ಟು ಸಾಕು. ಎರಡನೆಯದು, ಆ ಬದಲಾವಣೆಯು ಆ ಕಾಲದ ಜನರಿಗೆ ನಿಜವಾಗಿಯೂ ಸಾಧ್ಯವಾಗಿದ್ದಿರಬೇಕು; ಅವರಿಗಿಲ್ಲದ ಬುದ್ಧಿಯನ್ನೂ ಆಯುಧವನ್ನೂ ನಾವು ಇಲ್ಲಿಂದ ಕಳುಹಿಸಿಕೊಡಬಾರದು. ಮೂರನೆಯದು, ಫಲಗಳನ್ನು ಎಣಿಸುವಾಗ ನಮಗೆ ಗೊತ್ತಿರುವ ಕಾರಣಗಳು ಎಲ್ಲಿಯವರೆಗೆ ಕೈಹಿಡಿದು ನಡೆಸುವುವೋ ಅಲ್ಲಿಯವರೆಗೆ ಮಾತ್ರ ನಡೆದು, ಮುಂದೆ ಮಂಜು ಕವಿದೊಡನೆ ನಿಂತುಬಿಡಬೇಕು.

ಈ ಕಟ್ಟುಪಾಡುಗಳು ಹೇಗೆ ಕೆಲಸಮಾಡುವುವೆಂಬುದಕ್ಕೆ ಪರದೇಶದ ಒಂದು ನಿದರ್ಶನವನ್ನು ಮೊದಲು ನೋಡೋಣ. 1588ರಲ್ಲಿ ಸ್ಪೇಯ್ನಿನ ದೊರೆಯಾದ ಎರಡನೆಯ ಫಿಲಿಪ್ಪನು ಸುಮಾರು 130 ಹಡಗುಗಳ ನೌಕಾಬಲವನ್ನು ಇಂಗ್ಲೆಂಡಿನ ಮೇಲೆ ಕಳುಹಿಸಿದನು. ಬಿರುಗಾಳಿಯು ಬೀಸಿ ಅದು ಹಾಳಾಯಿತು, ಗಾಳಿಯು ಬೀಸದಿದ್ದರೆ ಇಂಗ್ಲೆಂಡು ಸ್ಪೇಯ್ನಿನ ಪಾಲಾಗುತ್ತಿದ್ದಿತು ಎಂಬುದು ಬಹುಜನರ ನಂಬಿಕೆ. ಗಾಳಿಯನ್ನು ತೆಗೆದುಹಾಕಿ ನೋಡೋಣ. ಹಲವು ಹಡಗುಗಳನ್ನು ಐರ್ಲೆಂಡಿನ ತೀರದಲ್ಲಿ ಒಡೆದ ಬಿರುಗಾಳಿಗಳು ಬೀಸಿದುದು ಅವು ಊರಿನ ದಾರಿ ಹಿಡಿದ ಮೇಲೆ. ಅದಕ್ಕೆ ಮೊದಲೇ ಕೆಲೇ ಬಂದರಿನ ಮುಂದೆ ಇಂಗ್ಲಿಷರು ಉರಿಯುವ ಹಡಗುಗಳನ್ನು ತೇಲಿಬಿಟ್ಟು ಸ್ಪೇಯ್ನಿನವರ ವ್ಯೂಹವನ್ನು ಚೆದರಿಸಿದ್ದರು. ಗ್ರೇವ್‌ಲೀನ್ಸಿನ ಹತ್ತಿರ ಕಾಳಗವೂ ಮುಗಿದಿದ್ದಿತು. ಅಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಇಳಿಯಬೇಕಾಗಿದ್ದ ಪ್ರಧಾನ ಸೈನ್ಯವು ಹಡಗುಗಳಲ್ಲಿರಲಿಲ್ಲ. ಪಾರ್ಮದ ಡ್ಯೂಕನ ಕೈಕೆಳಗೆ ಫ್ಲಾಂಡರ್ಸಿನಲ್ಲಿದ್ದಿತು. ಆ ತೀರದ ನೀರು ಆಳವಿಲ್ಲದುದು. ದೊಡ್ಡ ಹಡಗುಗಳು ದಡಕ್ಕೆ ಬರಲಾರವು. ಸೈನ್ಯವು ದೋಣಿಗಳಲ್ಲಿ ಹೊರಕ್ಕೆ ಬರಬೇಕೆಂದರೆ ಡಚ್ಚರ ಸಣ್ಣ ಹಡಗುಗಳು ಅಲ್ಲಿಯೇ ಕಾದುಕೊಂಡಿದ್ದುವು. ಗಾಳಿಯನ್ನು ನಿಲ್ಲಿಸಿದರೂ ಈ ತೊಡಕು ನಿಲ್ಲುವುದಿಲ್ಲ. ಹೀಗೆ ಒಂದು 'ಇಲ್ಲದಿದ್ದರೆ'ಯಿಂದ ನಮಗೆ ತಿಳಿದುಬಂದುದು, ಗಾಳಿಯು ಪ್ರಸಿದ್ಧವಾದ ಕಾರಣ, ಆಳವಿಲ್ಲದ ನೀರು ಬಲವಾದ ಕಾರಣ ಎಂಬುದು.

ಇನ್ನು ನಮ್ಮ ನಾಡಿನ ಪ್ರಶ್ನೆಗೆ ಬರೋಣ. ಆ ಕಾಳಗವು 1565ನೆಯ ಜನವರಿ 23ರಂದು ನಡೆಯಿತೆಂದು ಬಹುಮಂದಿ ವಿದ್ವಾಂಸರ ಎಣಿಕೆ. ಕೆಲವರು ಅದನ್ನು ತಾಳಿಕೋಟೆಯ ಯುದ್ಧವೆಂದೂ ಕೆಲವರು ರಕ್ಕಸಗಿ, ತಂಗಡಗಿ ಎಂಬ ಹಳ್ಳಿಗಳ ಹೆಸರಿನಿಂದ ರಕ್ಕಸತಂಗಡಿಯ ಯುದ್ಧವೆಂದೂ ಕರೆಯುವರು. ಒಂದು ಕಡೆಯಲ್ಲಿ ಬಿಜಾಪುರದ ಅಲಿ ಆದಿಲ್ ಷಾಹ, ಅಹಮದ್‌ನಗರದ ಹುಸೇನ್ ನಿಜಾಮ್ ಷಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾಹ, ಬೀದರಿನ ಅಲಿ ಬರೀದ್ ಷಾಹ ಎಂಬ ನಾಲ್ವರು. ಇನ್ನೊಂದು ಕಡೆಯಲ್ಲಿ ರಾಮರಾಯನೂ ಆತನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರೂ. ಸಿಂಹಾಸನದ ಮೇಲಿದ್ದ ಸದಾಶಿವರಾಯನು ಹೆಸರಿಗೆ ಮಾತ್ರ ಅರಸು. ರಾಜ್ಯವು ರಾಮರಾಯನ ಕೈಯಲ್ಲಿದ್ದಿತು.

ಕಾಳಗದ ವಿವರಗಳನ್ನು ಬರೆದವರಲ್ಲಿ ಮುಖ್ಯನಾದ ಫೆರಿಸ್ತನು ಬಿಜಾಪುರದ ಆಶ್ರಯದಲ್ಲಿ, ಕೆಲವು ದಶಕಗಳು ಕಳೆದ ಮೇಲೆ ಬರೆದವನು. ಆತನ ಹೇಳಿಕೆಯ ಮೇರೆಗೆ ವಿಜಯನಗರದ ಎರಡು ಪಾರ್ಶ್ವಗಳೂ ಎದುರಾಳಿಗಳನ್ನು ಹಿಂದಕ್ಕೆ ನೂಕಿದ್ದುವು. ಮಧ್ಯದಲ್ಲಿ ಅಹಮದ್‌ನಗರದ ಫಿರಂಗಿಗಳು ಸಾಲು ಸಾಲಾಗಿ ನಿಂತಿದ್ದುವು. ತಾಮ್ರದ ನಾಣ್ಯಗಳನ್ನು ತುಂಬಿ ಅವನ್ನು ಹತ್ತಿರದಿಂದ ಹಾರಿಸಿದಾಗ ಮುನ್ನುಗ್ಗುತ್ತಿದ್ದವರು ಗುಂಪು ಗುಂಪಾಗಿ ಬಿದ್ದರು. ಇಳಿವಯಸ್ಸಿನ ರಾಮರಾಯನು ಪಲ್ಲಕ್ಕಿಯಲ್ಲಿದ್ದನು. ಆನೆಯೊಂದು ಮೇಲೆ ನುಗ್ಗಿ ಬರಲು ಬೋಯಿಗಳು ಪಲ್ಲಕ್ಕಿಯನ್ನು ಬಿಸುಟು ಓಡಿದರು. ರಾಯನು ಸೆರೆ ಸಿಕ್ಕಿದನು. ಕೂಡಲೇ ಆತನ ತಲೆಯನ್ನು ಕತ್ತರಿಸಿ ಭರ್ಜಿಯ ತುದಿಗೆ ಸಿಕ್ಕಿಸಿ ತೋರಿಸಲಾಯಿತು. ಅದನ್ನು ಕಂಡ ಸೈನ್ಯವು ದಿಕ್ಕಾಪಾಲಾಯಿತು. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫೆಡರಿಚಿಯು, ರಾಯನ ಇಬ್ಬರು ದಳಪತಿಗಳು ಕಾಳಗದ ನಡುವೆ ಪಕ್ಷ ಬದಲಾಯಿಸಿದರೆಂದು ಬರೆದಿರುವನು. ಆನೆಯಾಗಲಿ ದ್ರೋಹವಾಗಲಿ, ಗೆಲವು ಕೂದಲೆಳೆಯಷ್ಟರಲ್ಲಿ ತಪ್ಪಿತೆಂಬ ಭಾವನೆಗೆ ಆಧಾರವಿಲ್ಲದೆ ಇಲ್ಲ. ಆದುದರಿಂದ ರಾಮರಾಯನು ಗೆದ್ದನೆಂದು ಇಟ್ಟುಕೊಳ್ಳುವುದು ನಮ್ಮ ಮೊದಲ ಎರಡು ಕಟ್ಟುಪಾಡುಗಳನ್ನೂ ಮೀರುವುದಿಲ್ಲ. ಬೋಯಿಗಳು ಪಲ್ಲಕ್ಕಿಯನ್ನು ಹೊತ್ತುಕೊಂಡೇ ಓಡಿದರು ಎಂದುಕೊಂಡರೆ ಸಾಕು.

ಈಗ ಫಲಗಳನ್ನು ಎಣಿಸೋಣ. ಸುಲ್ತಾನರು ಕೃಷ್ಣೆಯನ್ನು ದಾಟಿ ಹಿಂದಿರುಗುತ್ತಿದ್ದರು. ಬಿಜಾಪುರದ ಪಾಲಾದ ರಾಯಚೂರು, ಮುದಗಲ್ಲುಗಳು ಆಗ ವಿಜಯನಗರದಲ್ಲಿಯೇ ಉಳಿಯುತ್ತಿದ್ದುವು. ರಾಜಧಾನಿಯು ಆ ವರ್ಷ ಸೂರೆಯಾಗುತ್ತಿರಲಿಲ್ಲ. ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಮುಂದಿನ ಹೆಜ್ಜೆಯೇ ಕಷ್ಟವಾದುದು.

ನಾಲ್ವರು ಸುಲ್ತಾನರು ಒಟ್ಟುಗೂಡಿದುದು ಸಹಜವಾದ ಸಂಗತಿಯಲ್ಲವೆಂಬುದನ್ನು ನೆನೆಯಬೇಕು. ಅವರು ತಮ್ಮತಮ್ಮೊಳಗೆ ಕಾದಾಡುತ್ತ ಬಂದವರು. ಇಬ್ರಾಹಿಂ ಕುತುಬ್ ಷಾಹನು ಪಟ್ಟವೇರುವ ಮೊದಲು ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದವನು. ಅಲಿ ಆದಿಲ್ ಷಾಹನು ರಾಮರಾಯನ ಮಗನು ತೀರಿಕೊಂಡಾಗ ಸಮಾಧಾನ ಹೇಳಲು ತಾನೇ ವಿಜಯನಗರಕ್ಕೆ ಬಂದವನು. ಇವರನ್ನು ಜೊತೆಗೂಡಿಸಿಕೊಂಡೇ ರಾಮರಾಯನು ಅಹಮದ್‌ನಗರದ ಮೇಲೆ ದಂಡೆತ್ತಿ, ಹುಸೇನನಿಂದ ಕಲ್ಯಾಣದ ಕೋಟೆಯನ್ನು ಬಿಡಿಸಿದ್ದನು. ಇದನ್ನೆಲ್ಲ ನೋಡಿದರೆ ಆ ಕಾಳಗವನ್ನು ಬರಿಯ ಎರಡು ಮತಗಳ ಹೋರಾಟವೆಂದು ಹೇಳಿ ಮುಗಿಸುವಂತಿಲ್ಲ. ಒಬ್ಬರ ಮೇಲೆ ಒಬ್ಬರನ್ನು ಎತ್ತಿಕಟ್ಟಿ ಎಲ್ಲರನ್ನೂ ಕುಗ್ಗಿಸುವುದು ರಾಮರಾಯನ ನೀತಿಯಾಗಿದ್ದಿತು. ಅದು ಬಹುಕಾಲ ಫಲಿಸಿತು. ಫಲಿಸಿದಷ್ಟೂ ಎಲ್ಲರಿಗೂ ಆತನೊಬ್ಬನೇ ಭಯಸ್ಥಾನವಾದನು. ಕೊನೆಗೆ ಹುಸೇನನ ಮಗಳಾದ ಚಾಂದ್ ಬೀಬಿಯನ್ನು ಅಲಿಗೆ ಮದುವೆಮಾಡಿಕೊಟ್ಟು, ಇಬ್ಬರ ಜಗಳಕ್ಕೆ ಮೂಲವಾಗಿದ್ದ ಸೊಲ್ಲಾಪುರದ ಕೋಟೆಯನ್ನೇ ಬಳುವಳಿಯಾಗಿ ಕೊಟ್ಟು, ಕೂಟವನ್ನು ಬಿಗಿದರು. ರಾಮರಾಯನು ಗೆದ್ದಿದ್ದರೆ ಆ ಭಯವು ಕಡಮೆಯಾಗುತ್ತಿದ್ದಿತೆ? ಹೆಚ್ಚುತ್ತಿದ್ದಿತೆಂದೇ ಹೇಳಬೇಕು. ಕೂಟವನ್ನು ಹುಟ್ಟಿಸಿದ ಕಾರಣವು ಗೆಲವಿನಿಂದ ತೀರುವಂತಹುದಲ್ಲ.

ಇನ್ನೊಂದು ಕಾರಣವು ಮನೆಯೊಳಗಿನದು. 1542ರಲ್ಲಿ ಅಚ್ಯುತರಾಯನು ತೀರಿಕೊಂಡಾಗ ಪಟ್ಟಕ್ಕಾಗಿ ಒಳಜಗಳವೆದ್ದು, ಆದಿಲ್ ಷಾಹನನ್ನು ನೆರವಿಗೆ ಕರೆಯುವವರೆಗೂ ಹೋಯಿತು. 1565ರ ಸೋಲಿನ ಬಳಿಕ ತಿರುಮಲನು ಪೆನುಗೊಂಡೆಯಲ್ಲಿ ಆಡಳಿತವನ್ನು ಹಿಡಿದಾಗ, ರಾಮರಾಯನ ಮಗನೇ ಬಿಜಾಪುರದ ಸಹಾಯವನ್ನು ಬೇಡಿದನು. ಕಾಳಗಕ್ಕೆ ಹಿಂದೆಯೂ ಇದ್ದು, ಕಾಳಗಕ್ಕೆ ಮುಂದೆಯೂ ಇದ್ದ ವ್ಯಾಧಿಯು ಕಾಳಗದಿಂದ ಹುಟ್ಟಿದುದಲ್ಲವಷ್ಟೆ. ರಾಮರಾಯನು ಗೆದ್ದು ಹಿಂದಿರುಗಿದ್ದರೂ ಆತನ ವಯಸ್ಸು ಹಿಂದಿರುಗುತ್ತಿರಲಿಲ್ಲ. ಕೆಲವು ವರ್ಷಗಳೊಳಗಾಗಿ ತಮ್ಮಂದಿರು, ಮಕ್ಕಳು, ಹೆಸರಿಗೆ ಅರಸಾದ ಸದಾಶಿವರಾಯನು ಇವರ ನಡುವೆ ಅದೇ ಜಗಳವೇಳುವ ಸಂಭವವು ಬಲವಾಗಿದ್ದಿತು. ಇಲ್ಲಿಂದ ಮುಂದೆ ಮಂಜು. ಆದಕಾರಣ ನಾವು ನಿಲ್ಲುವೆವು.

ಹಾಗಾದರೆ ಆ ಕಾಳಗದ ಫಲವು ಹೇಗಾಗಿದ್ದರೂ ಒಂದೇ ಎಂದು ಹೇಳಿದಂತಾಗುವುದಿಲ್ಲವೆ? ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಸರಿಯಾದ ಪ್ರಶ್ನೆಯನ್ನು ತಪ್ಪಿದ ಸ್ಥಳದಲ್ಲಿ ಕೇಳುತ್ತ ಬಂದಿದ್ದೇವೆ. ಕಾಳಗವು ಸೋತಿತೆಂದೇ ಒಪ್ಪಿಕೊಳ್ಳೋಣ. ಆ ಸೋಲಿಗೂ ಪಟ್ಟಣದ ನಾಶಕ್ಕೂ ನಡುವೆ ಇನ್ನೊಂದು ಗಳಿಗೆಯಿದ್ದಿತು. ಕಾಳಗದ ಬಯಲಿನಿಂದ ರಾಜಧಾನಿಯು ಎಷ್ಟೋ ಹರದಾರಿ ದೂರ. ಅದು ಬಯಲ ಪಟ್ಟಣವಲ್ಲ. ಒಂದು ಕಡೆ ತುಂಗಭದ್ರೆ, ಸುತ್ತಲೂ ಬಂಡೆಗಳ ಗುಡ್ಡಗಳು, ಗುಡ್ಡದಿಂದ ಗುಡ್ಡಕ್ಕೆ ಹಾಯ್ದ ಕೋಟೆಗಳು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಒಂದರೊಳಗೊಂದಾಗಿ ಏಳು ಕೋಟೆಗಳನ್ನು ಎಣಿಸಿದನು. ಬಹಮನೀ ಸುಲ್ತಾನರು ಹೆಬ್ಬಾಗಿಲವರೆಗೆ ಬಂದು ಒಳಗಣ ಪಟ್ಟಣವನ್ನು ಹಿಡಿಯಲಾರದೆ ಹೋದುದುಂಟು. ಸೋತ ಮೇಲೆಯೂ ತಿರುಮಲನು ಉಳಿದಿದ್ದನು. ಬೊಕ್ಕಸವೂ ಕೈಗೆ ಸಿಕ್ಕುವಂತಿದ್ದಿತು. ಎದುರಾಳಿಗಳ ಕೂಟವು ಬಹುದಿನ ಬಾಳುವಂತಹುದೂ ಆಗಿರಲಿಲ್ಲ. ತಿರುಮಲನು ಬಾಗಿಲುಗಳನ್ನು ಮುಚ್ಚಿ ಆ ಪಟ್ಟಣವನ್ನು ಕಾದಿದ್ದರೆ?

ನಡೆದುದಾದರೆ, ಆತನು ಬೊಕ್ಕಸವನ್ನು ನೂರಾರು ಆನೆಗಳ ಮೇಲೆ ಹೇರಿಸಿಕೊಂಡು, ಸದಾಶಿವರಾಯನನ್ನೂ ಕರೆದುಕೊಂಡು ಪೆನುಗೊಂಡೆಯ ದಾರಿ ಹಿಡಿದನು. ಕಾವಲಿಲ್ಲದ ಪಟ್ಟಣಕ್ಕೆ ಮೊದಲು ಸುತ್ತಮುತ್ತಣ ಕೊಳ್ಳೆಯವರು, ಅವರ ಹಿಂದೆ ಗೆದ್ದ ಸೈನ್ಯಗಳು ನುಗ್ಗಿದುವು. ತಿಂಗಳುಗಟ್ಟಲೆ ಸುಲಿಗೆಯೂ ಒಡೆಯುವುದೂ ಸುಡುವುದೂ ನಡೆದುವು. ಸುಮಾರು 1520ರಲ್ಲಿ ಪೋರ್ತುಗೀಸನಾದ ಡೊಮಿಂಗೊ ಪಾಯೆಸನು ರೋಮಿನಷ್ಟು ದೊಡ್ಡದೆಂದು ಕೊಂಡಾಡಿದ ಪಟ್ಟಣವದು.

ಆದರೆ ತಿರುಮಲನೊಬ್ಬನನ್ನು ದೂಷಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನಮ್ಮ ಎರಡನೆಯ ಕಟ್ಟುಪಾಡನ್ನು ಇಲ್ಲಿಯೂ ಪ್ರಯೋಗಿಸಬೇಕು: ಪಟ್ಟಣವನ್ನು ಕಾಯುವುದು ಆತನಿಗೆ ಸಾಧ್ಯವಾಗಿದ್ದಿತೆ? ಕೋಟೆಯಿದ್ದಿತು, ಹಣವಿದ್ದಿತು. ಇಲ್ಲದುದು ಅಪ್ಪಣೆ ಕೊಡುವ ಅಧಿಕಾರ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ರಾಮರಾಯನು ಸೈನ್ಯ, ಬೊಕ್ಕಸ, ಸಂಧಿವಿಗ್ರಹ ಎಲ್ಲವನ್ನೂ ತನ್ನ ಕೈಯಲ್ಲಿ ಹಿಡಿದಿದ್ದನು. ಅರಸನಾದವನು ಅರಸುತನವನ್ನು ಮಾಡಿ ಅರಿಯನು. ನಾಯಕರು ನಿಷ್ಠೆಯನ್ನಿಟ್ಟುದು ಆ ವ್ಯಕ್ತಿಯಲ್ಲಿ. ಆತನು ಬಿದ್ದೊಡನೆ ಅವರವರು ಅವರವರ ಸೀಮೆಗೆ ತೆರಳಿದರು. ಆತನ ತಲೆಯನ್ನು ಭರ್ಜಿಯ ಮೇಲೆ ಕಂಡು ಇಡೀ ಸೈನ್ಯವು ಓಡಿದುದಕ್ಕೂ, ಏಳು ಕೋಟೆಗಳ ಪಟ್ಟಣವು ಬಾಗಿಲನ್ನು ಮುಚ್ಚದೆ ಹೋದುದಕ್ಕೂ ಕಾರಣವು ಒಂದೇ. ಆನೆಯು ನುಗ್ಗಿಬಂದುದು ದೈವ. ಒಬ್ಬನು ಬಿದ್ದರೆ ಎಲ್ಲವೂ ಬೀಳುವಂತೆ ರಾಜ್ಯವನ್ನು ಕಟ್ಟಿದುದು ದೈವವಲ್ಲ.

ಪಟ್ಟಣವು ಒಮ್ಮೆ ಬಿಟ್ಟುಹೋದರೆ ಮರಳಿ ಬರುವುದು ಎಷ್ಟು ಕಷ್ಟವೆಂಬುದಕ್ಕೆ ಫೆಡರಿಚಿಯ ಬರವಣಿಗೆಯೇ ಸಾಕ್ಷಿ. ಆತನು ಕೆಲವು ತಿಂಗಳು ಅಲ್ಲಿಯೇ ತಂಗಿದ್ದನು. ತಿರುಮಲನು ಹಿಂದಿರುಗಿ ಊರನ್ನು ಮತ್ತೆ ತುಂಬಿಸಲು ಯತ್ನಿಸಿದನು. ಸೈನ್ಯಕ್ಕೆ ಕುದುರೆಗಳು ಬೇಕಾಗಿದ್ದುವು. ಗೋವೆಯ ವರ್ತಕರಿಗೆ ಒಳ್ಳೆಯ ಬೆಲೆ ಕೊಡುವೆನೆಂದು ಹೇಳಿಕಳುಹಿಸಿದನು. ಅವರು ಕುದುರೆಗಳನ್ನು ತಂದರು. ಆತನು ಕುದುರೆಗಳನ್ನು ತೆಗೆದುಕೊಂಡು ವರ್ತಕರನ್ನು ಬರಿಗೈಯಲ್ಲಿ ಕಳುಹಿಸಿಬಿಟ್ಟನಂತೆ. 1547ರಲ್ಲಿ ಪೋರ್ತುಗೀಸರು ಕರಾರು ಮಾಡಿಕೊಂಡು ಕುದುರೆಗಳನ್ನು ಒದಗಿಸುತ್ತಿದ್ದ ರಾಜ್ಯವು ಇಪ್ಪತ್ತು ವರ್ಷಗಳಲ್ಲಿ ಆ ಸ್ಥಿತಿಗೆ ಬಂದಿತು. ಗೋಡೆಗಳನ್ನು ಮತ್ತೆ ಕಟ್ಟಬಹುದು. ಪೇಟೆಯ ನಂಬಿಕೆಯನ್ನು ಕಟ್ಟುವುದು ಸುಲಭವಲ್ಲ. ರಾಜಧಾನಿಯು ಪೆನುಗೊಂಡೆಗೆ ಹೋಯಿತು, ಬಳಿಕ ಚಂದ್ರಗಿರಿಗೆ, ಬಳಿಕ ವೆಲ್ಲೂರಿಗೆ. ವಂಶವೂ ರಾಜ್ಯದ ಹೆಸರೂ ಮತ್ತೆ ಎಂಬತ್ತು ವರ್ಷ ಉಳಿದುವು. 1565ರಲ್ಲಿ ಸತ್ತುದು ಸಾಮ್ರಾಜ್ಯಕ್ಕಿಂತ ಹೆಚ್ಚಾಗಿ ಪಟ್ಟಣವೇ ಎಂಬುದು ಇದರಿಂದ ವ್ಯಕ್ತವಾಗುವುದು.

ಈ ಊಹೆಯಲ್ಲಿ ನಾವೂ ಸೇರಿಕೊಂಡಿರುವೆವೆಂಬುದನ್ನು ಮರೆಯಬಾರದು. ವಿಜಯನಗರವು ದುರ್ಬಲವಾದುದರಿಂದಲೇ ಶ್ರೀರಂಗಪಟ್ಟಣದ ಪ್ರತಿನಿಧಿಯು ದುರ್ಬಲನಾದನು. 1610ರಲ್ಲಿ ರಾಜ ಒಡೆಯರು ಆ ಪಟ್ಟಣವನ್ನು ಪಡೆದು, ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ಅಲ್ಲಿ ಮುಂದುವರಿಸಿದರು. 1638ರಲ್ಲಿ ಬೆಂಗಳೂರು ಬಿಜಾಪುರದ ವಶವಾಗಿ ಷಾಹಜಿಗೆ ದೊರೆಯಿತು. 1639ರಲ್ಲಿ ಕಡಲ ತೀರದ ಒಬ್ಬ ನಾಯಕನು ಇಂಗ್ಲಿಷ್ ವರ್ತಕರಿಗೆ ಒಂದು ಮರಳುಪಟ್ಟಿಯನ್ನು ಬಿಟ್ಟುಕೊಟ್ಟನು, ಅದೇ ಮದರಾಸಾಯಿತು. ತುಂಗಭದ್ರೆಯ ದಡದಲ್ಲಿ ಪ್ರಬಲನಾದ ರಾಯನಿದ್ದಿದ್ದರೆ ಇವುಗಳಲ್ಲಿ ಯಾವುದು ಯಾವ ರೂಪದಲ್ಲಿ ನಡೆಯುತ್ತಿದ್ದಿತೆಂದು ಹೇಳಲು ನಮ್ಮ ಮೂರನೆಯ ಕಟ್ಟುಪಾಡು ಅವಕಾಶಕೊಡದು. ಇಷ್ಟು ಮಾತ್ರ ನಿಶ್ಚಯ: ಹಂಪೆಯ ಹಾಳಿನ ಮುಂದೆ ನಿಟ್ಟುಸಿರಿಡುವ ನಮ್ಮ ಊರುಗಳೂ ಹಬ್ಬಗಳೂ ಆ ಹಾಳಿನ ಈಚೆಯ ದಡದಲ್ಲಿ ಬೆಳೆದುವು.

ಆದಕಾರಣ ಹಂಪೆಗೆ ಮತ್ತೆ ಹೋಗುವ ಶ್ರೋತೃಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಆ ಪ್ರಶ್ನೆಯನ್ನು ಕೇಳಬೇಡಿರೆಂದು ನಾವು ಹೇಳುವುದಿಲ್ಲ. ಸ್ವಲ್ಪ ತಿದ್ದಿ ಕೇಳಿರೆಂದು ಹೇಳುವೆವು. ಗೆದ್ದಿದ್ದರೆ ಏನಾಗುತ್ತಿದ್ದಿತೆಂಬುದು ಗತಿಸಿದವರ ಅದೃಷ್ಟವನ್ನು ಕುರಿತ ಪ್ರಶ್ನೆ. ಅದರಿಂದ ದುಃಖವೋ ದ್ವೇಷವೋ ಬೆಳೆದೀತು, ತಿಳಿವಳಿಕೆಯು ಬೆಳೆಯದು. ಸೋತ ಮರುದಿನವೂ ಊರನ್ನು ಕಾಯುವವರು ಯಾರು, ಅವರಿಗೆ ಆ ಅಧಿಕಾರವನ್ನು ಮೊದಲೇ ಕೊಟ್ಟಿದ್ದಿತೆ ಎಂಬ ಪ್ರಶ್ನೆಯು ಹಾಗಲ್ಲ. ಅದನ್ನು ಯಾವ ರಾಜ್ಯವೇ ಆಗಲಿ, ಯಾವ ಸಂಸ್ಥೆಯೇ ಆಗಲಿ, ಕಾಳಗಕ್ಕೆ ಮುಂಚೆಯೇ ಕೇಳಿಕೊಳ್ಳಬಹುದು.